ತ್ರಿಲಕ್ಷಣಕದರ್ಥನದ ಕರ್ತೃ: ಪಾತ್ರಕೇಸರಿಯ ವಿಷಯದಲ್ಲಿ ಒಂದು ಹೇತ್ವಾಭಾಸ

ಜೈನ ತಾರ್ಕಿಕ ಪಾತ್ರಕೇಸರಿಯೂ ಅಷ್ಟಸಹಸ್ರಿಯ ಕರ್ತೃ ವಿದ್ಯಾನಂದನೂ ಒಬ್ಬನೇ ಎಂದು ಕೆ. ಬಿ. ಪಾಠಕರು ಬರೆದು ನೂರು ವರ್ಷ ಮೀರಿತು. ಜುಗಲ್ ಕಿಶೋರ್ ಮುಖ್ತಾರರು ಅದನ್ನು ಖಂಡಿಸಿಯೂ ಬಹುಕಾಲವಾಯಿತು. ಆದರೂ ಭಾರತೀಯ ತರ್ಕದ ಚರಿತ್ರೆಗೆ ಸತೀಶಚಂದ್ರ ವಿದ್ಯಾಭೂಷಣರ 1921ರ ಗ್ರಂಥವೊಂದನ್ನೇ ನೆಚ್ಚಿದವರಿಗೆ ಈ ಸಮೀಕರಣ ಸಿದ್ಧಸತ್ಯದಂತೆ ಎದುರಾಗುತ್ತದೆ. ಕವಿರಾಜಮಾರ್ಗವನ್ನು 1898ರಲ್ಲಿ ಸಂಪಾದಿಸಿಕೊಟ್ಟ ಪಾಠಕರ ಋಣ ಕನ್ನಡದ ಮೇಲೆ ದೊಡ್ಡದು. ಅಂಥವರ ತಪ್ಪನ್ನು ಕಾಲದ ಲೆಕ್ಕದಿಂದ ತಿದ್ದಿದರೆ ಸಾಲದು, ಅವರ ಅನುಮಾನ ಎಲ್ಲಿ ಜಾರಿತೆಂದೂ ನೋಡಬೇಕು. ಅದು ಜಾರಿದ್ದು ಪಾತ್ರಕೇಸರಿ ತಾನೇ ಬೆರಳಿಟ್ಟು ತೋರಿಸಿದ್ದ ಜಾಗದಲ್ಲಿ.

ಬೌದ್ಧ ತಾರ್ಕಿಕ ದಿಙ್ನಾಗನ ಪರಂಪರೆ ಸದ್ಧೇತುವಿಗೆ ಮೂರು ಲಕ್ಷಣ ಹೇಳುತ್ತದೆ: ಹೇತು ಪಕ್ಷದಲ್ಲಿರಬೇಕು, ಸಪಕ್ಷದಲ್ಲಿರಬೇಕು, ವಿಪಕ್ಷದಲ್ಲಿ ಇರಕೂಡದು. ಈ ಮೂರೂ ಕೂಡಿಬಂದರೂ ಹೇತು ಕೆಟ್ಟದ್ದಾಗಬಹುದು ಎಂಬುದು ಪಾತ್ರಕೇಸರಿಯ ಆಕ್ಷೇಪ. ಒಬ್ಬಳ ಉಳಿದ ಮಕ್ಕಳೆಲ್ಲ ಕಪ್ಪಗಿದ್ದಾರೆ. ಈ ಮಗನೂ ಅವಳ ಮಗನೇ ಆದ್ದರಿಂದ ಕಪ್ಪು. ಲಕ್ಷಣಗಳು ಮೂರೂ ಇವೆ, ನಿಶ್ಚಯ ಮಾತ್ರ ಇಲ್ಲ. ಇದಕ್ಕೆ ಎದುರಾಗಿ, ಕೃತ್ತಿಕೆ ಮೂಡಿದ್ದರಿಂದ ರೋಹಿಣಿ ಮೂಡುವಳು ಎಂಬ, ಮುಂದೆ ಜೈನ ತಾರ್ಕಿಕರಲ್ಲಿ ಪ್ರಸಿದ್ಧವಾದ ಅನುಮಾನವನ್ನು ನೋಡಿ. ಕೃತ್ತಿಕೆಯ ಉದಯ ರೋಹಿಣಿಯ ಧರ್ಮವಲ್ಲ. ಮೊದಲ ಲಕ್ಷಣವೇ ಇಲ್ಲ. ಆದರೂ ಊಹೆ ಗಟ್ಟಿ. ಹಾಗಾದರೆ ಹೇತುವಿನ ಪ್ರಾಣ ಈ ಮೂರರಲ್ಲಿಲ್ಲ, ಸಾಧ್ಯವಿಲ್ಲದೆ ತಾನು ಇರಲಾರದೆಂಬ 'ಅನ್ಯಥಾನುಪಪನ್ನತ್ವ'ದಲ್ಲಿದೆ. ಇದಕ್ಕೆ ಬೌದ್ಧರ ಉತ್ತರ ಹಗುರವಾದದ್ದಲ್ಲ: ಮೂರನೆಯ ಲಕ್ಷಣ ನಿಶ್ಚಿತವಾಗಿರಬೇಕು, ಆ ಮಗನ ಉದಾಹರಣೆಯಲ್ಲಿ ಅದು ಸಂದಿಗ್ಧ, ಆದ್ದರಿಂದ ಅಲ್ಲಿ ಮೂರೂ ಕೂಡಿಬಂದಿಲ್ಲ ಎನ್ನುತ್ತಾರೆ. ಆದರೆ ವಿಪಕ್ಷದಲ್ಲಿ ಹೇತು ಇರಲಾರದೆಂದು ನಿಶ್ಚಯವಾಗಿ ತಿಳಿಯುವುದೇ ಅನ್ಯಥಾನುಪಪನ್ನತ್ವ. ಅದನ್ನು ಮೂರನೆಯದರ ಒಳಗೆ ಸೇರಿಸಿಕೊಂಡರೆ ಉಳಿದೆರಡಕ್ಕೆ ಕೆಲಸವಿಲ್ಲ. ಉತ್ತರವೇ ಆಕ್ಷೇಪವನ್ನು ಒಪ್ಪಿಕೊಂಡಂತಾಯಿತು.

ಪಾಠಕರಿಗೆ ಆಧಾರವಾದದ್ದು 'ಸಮ್ಯಕ್ತ್ವಪ್ರಕಾಶ' ಎಂಬ ಈಚಿನ ಕೃತಿ. ಅದು ವಿದ್ಯಾನಂದನ ಶ್ಲೋಕವಾರ್ತಿಕದ ಮಾತೊಂದನ್ನು ಎತ್ತಿಕೊಳ್ಳುವಾಗ ಅವನಿಗೆ ಪಾತ್ರಕೇಸರಿ ಎಂಬ ಇನ್ನೊಂದು ಹೆಸರು ಕೊಡುತ್ತದೆ. ತ್ರಿಲಕ್ಷಣವನ್ನು ತಳ್ಳಿಹಾಕುವ ಪ್ರಸಿದ್ಧ ಕಾರಿಕೆ ವಿದ್ಯಾನಂದನ ಗ್ರಂಥಗಳಲ್ಲಿಯೂ ಇರುವುದರಿಂದ ಆ ಮಾತು ನಂಬುವಂತೆ ಕಾಣುತ್ತದೆ. ಕಾರಿಕೆ ಪಾತ್ರಕೇಸರಿಯದು, ಅದು ವಿದ್ಯಾನಂದನಲ್ಲಿದೆ, ಆದ್ದರಿಂದ ಇವನೇ ಅವನು! ಆದರೆ ಉದ್ಧರಣೆಯಾಗಿಯೂ ಕಾರಿಕೆ ಅಲ್ಲಿರಬಹುದಲ್ಲ? ಕರ್ತೃ ಬೇರೆಯಾದರೂ ಇರಬಲ್ಲ ಹೇತು ಕರ್ತೃವನ್ನು ಸಾಧಿಸಲಾರದು. ಇದು 'ಅವಳ ಮಗ' ಎಂಬ ಹೇತುವಿನ ಒಡಹುಟ್ಟು. (ಆ ಕಾರಿಕೆಯನ್ನು ಎತ್ತಿಕೊಂಡು ಖಂಡಿಸುವ ಬೌದ್ಧ ಪಂಡಿತ ಶಾಂತರಕ್ಷಿತನ ತತ್ತ್ವಸಂಗ್ರಹ ಬರೋಡದಿಂದ ಅಚ್ಚಾದದ್ದು 1926ರಲ್ಲಿ. ಪಾಠಕರು ಮೊದಲು ಬರೆದಾಗ ಅದು ಅಚ್ಚಿನಲ್ಲಿರಲಿಲ್ಲ. ಅದು ಕೈಯಲ್ಲಿದ್ದೂ ಹಳೆಯ ಸಮೀಕರಣವನ್ನು ನಕಲುಮಾಡುವವರಿಗೆ ಈ ರಿಯಾಯಿತಿ ಸಲ್ಲದು.)

ಈ ಚರ್ಚೆಯಲ್ಲಿ ಸಲ್ಲಬೇಕಾದ ಬೆಲೆ ಸಿಗದೆ ಉಳಿದ ಸಾಕ್ಷಿ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿದೆ: 1129ರ ಮಲ್ಲಿಷೇಣ ಪ್ರಶಸ್ತಿ. ತ್ರಿಲಕ್ಷಣದ ಕದರ್ಥನಕ್ಕೆ ಪದ್ಮಾವತಿದೇವಿ ಪಾತ್ರಕೇಸರಿ ಗುರುವಿಗೆ ನೆರವಾದಳೆಂದು ಅದು ಹೇಳುತ್ತದೆ. ದೇವಿಯ ಮಾತು ಬಂದಕೂಡಲೇ ಇದು ಐತಿಹ್ಯವೆಂದು ಪಕ್ಕಕ್ಕಿಡುವುದು ಅವಸರದ ಕೆಲಸ. ಪವಾಡವನ್ನು ನಂಬದವರಿಗೂ ಇಲ್ಲಿ ಎರಡು ಸಂಗತಿ ಸಿಗುತ್ತವೆ. ಒಂದು, ಪಾತ್ರಕೇಸರಿಯ ಕೀರ್ತಿ ಯಾವ ವಾದದ ಮೇಲೆ ನಿಂತಿತ್ತು ಎಂಬುದು. ಇನ್ನೊಂದು, ಅವನ ಸ್ಥಾನ. ಪ್ರಶಸ್ತಿ ಅವನನ್ನು ಜೈನ ತಾರ್ಕಿಕ ಅಕಲಂಕನಿಗಿಂತ ಮೊದಲು ಹೊಗಳುತ್ತದೆ, ಅವನ ಬೆನ್ನಿಗೇ ಸುಮತಿದೇವನನ್ನು ತರುತ್ತದೆ. ಪ್ರಶಸ್ತಿಗಳ ಅನುಕ್ರಮ ಕಾಲಾನುಕ್ರಮವೇ ಆಗಬೇಕೆಂದಿಲ್ಲ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ 8ನೆಯ ಶತಮಾನದ ಶಾಂತರಕ್ಷಿತ ತನ್ನ ಗ್ರಂಥದಲ್ಲಿ ಖಂಡಿಸುವ ದಿಗಂಬರರು ಸುಮತಿ ಮತ್ತು ಪಾತ್ರಸ್ವಾಮಿ. ಬೆಳಗೊಳದ ಕಲ್ಲೂ ನಾಲಂದದ ಪರಂಪರೆಯ ಬೌದ್ಧ ಪಂಡಿತನೂ ಪರಸ್ಪರ ಕೇಳಿ ಬರೆದವರಲ್ಲ.

ಪಾತ್ರಸ್ವಾಮಿಯೇ ಪಾತ್ರಕೇಸರಿ ಎಂಬುದಕ್ಕೆ ಏನಾಧಾರ, ನೀವೂ ಹೆಸರಿನ ಹೋಲಿಕೆಗೆ ಮರುಳಾದಿರಲ್ಲ ಎಂದು ಕೇಳಬಹುದು. ಇಲ್ಲಿ ಆಧಾರ ಹೆಸರಲ್ಲ. ತತ್ತ್ವಸಂಗ್ರಹ ಆ ಕಾರಿಕೆಯನ್ನು ಪಾತ್ರಸ್ವಾಮಿಯ ಮತವೆಂದು ಎತ್ತಿಕೊಂಡು ಖಂಡಿಸುತ್ತದೆ. ಅದೇ ಕಾರಿಕೆ ಅಕಲಂಕನ ನ್ಯಾಯವಿನಿಶ್ಚಯದ ಒಳಗೂ ಇದೆ. ಅದಕ್ಕೆ ವಿವರಣ ಬರೆದ 11ನೆಯ ಶತಮಾನದ ವಾದಿರಾಜ, ಇದು ಪದ್ಮಾವತಿ ತಂದು ಪಾತ್ರಕೇಸರಿಸ್ವಾಮಿಗೆ ಒಪ್ಪಿಸಿದ್ದೆಂದು ಹೇಳಿ ಅವನ ತ್ರಿಲಕ್ಷಣಕದರ್ಥನ ಎಂಬ ಗ್ರಂಥವನ್ನೂ ಹೆಸರಿಸುತ್ತಾನೆ. ಕಾರಿಕೆ ಒಂದು ಗ್ರಂಥದಲ್ಲಿ ಇರುವುದು ಬೇರೆ, ಒಬ್ಬನದೆಂದು ಹೇಳಲ್ಪಡುವುದು ಬೇರೆ. ಅದರಲ್ಲೂ ವ್ಯಾಖ್ಯಾನಕಾರನೊಬ್ಬ ತನ್ನ ಪೂಜ್ಯ ಆಚಾರ್ಯನ ಗ್ರಂಥದಲ್ಲಿರುವ ಅತ್ಯುತ್ತಮ ಮಾತನ್ನು ಮತ್ತೊಬ್ಬನದೆಂದು ಒಪ್ಪಿಕೊಳ್ಳಬೇಕಾದರೆ ಪರಂಪರೆಯಲ್ಲಿ ಆ ತಿಳಿವಳಿಕೆ ಬಲವಾಗಿಯೇ ಇದ್ದಿರಬೇಕು. ವಿದ್ಯಾನಂದನೋ ಅಕಲಂಕನ ಅಷ್ಟಶತಿಗೆ ವ್ಯಾಖ್ಯಾನ ಬರೆದವನು. ಅಕಲಂಕ ಬಳಸಿಕೊಂಡ ಕಾರಿಕೆಯನ್ನು ಅವನ ವ್ಯಾಖ್ಯಾನಕಾರ ಬರೆದನೆನ್ನಲು ಬರುವುದಿಲ್ಲ.

ತ್ರಿಲಕ್ಷಣಕದರ್ಥನ ನಮಗೆ ಉಳಿದಿಲ್ಲ. ಅದರ ವಾದ ಹೆಚ್ಚಾಗಿ ಉಳಿದಿರುವುದು ಎದುರಾಳಿಯ ಪುಟಗಳಲ್ಲಿ. ಅದನ್ನು ವಿದ್ಯಾನಂದ ಹೇಗೆ ಓದಿದ ಎಂಬುದು ಪ್ರಮಾಣಪರೀಕ್ಷೆಯಲ್ಲಿ ಕಾಣುತ್ತದೆ. ಅಲ್ಲಿ ಅವನ ಮುಂದೆ ಬೌದ್ಧರ ಮೂರು ಲಕ್ಷಣಗಳಲ್ಲದೆ ನೈಯಾಯಿಕರ ಐದು ಲಕ್ಷಣಗಳೂ ಇವೆ. ಹಳೆಯ ಕಾರಿಕೆಯ ಅಚ್ಚಿನಲ್ಲೇ ಅವನು ಮೂರರ ಜಾಗದಲ್ಲಿ ಐದನ್ನು ಇಟ್ಟು ಮತ್ತೊಂದು ಕಾರಿಕೆಯನ್ನು ಜೋಡಿಸುತ್ತಾನೆ. ಒಬ್ಬನೇ ಎರಡನ್ನೂ ಬರೆದಿರಬಹುದಾದ್ದರಿಂದ ಇದೊಂದೇ ಸಾಕ್ಷಿಯಿಂದ ಇಬ್ಬರೆಂದು ಸಾಧಿಸಲಾಗದು. ಆದರೆ ಅಕಲಂಕನೂ ಶಾಂತರಕ್ಷಿತನೂ ಕಾಲವನ್ನು ಬಿಗಿದ ಮೇಲೆ, ಆ ಎರಡನೆಯ ಕಾರಿಕೆಯಲ್ಲಿ ಕೇಳುವುದು ಪಾತ್ರಕೇಸರಿಯನ್ನು ತಲೆಮಾರುಗಳಾಚೆಯಿಂದ ಓದಿ, ಅವನ ಅಸ್ತ್ರವನ್ನು ಹೊಸ ಎದುರಾಳಿಯ ಕಡೆ ತಿರುಗಿಸಿದವನ ದನಿ.