ಪೋರ್ಷಿಯಾ, ಭೀಷ್ಮ ಮತ್ತು ಒಂದು ಅಂಕದ ಪ್ರಶ್ನೆ

ರಾಜ್ಯ ಪಠ್ಯಕ್ರಮದ ಹತ್ತನೆಯ ತರಗತಿಯಲ್ಲಿ ಕೆಲವು ವರ್ಷಗಳಿಂದ ನಡೆದುಬಂದಿರುವ ಎರಡು ಪದ್ಯಪಾಠಗಳನ್ನು ಒಟ್ಟಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ದ್ವಿತೀಯ ಭಾಷೆ ಇಂಗ್ಲಿಷಿನ ಪುಸ್ತಕದಲ್ಲಿ ‘ಕ್ವಾಲಿಟಿ ಆಫ್ ಮರ್ಸಿ’ ಎಂಬ ಪದ್ಯವಿದೆ. ಅದು ಷೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ನಾಲ್ಕನೆಯ ಅಂಕದಲ್ಲಿ ಪೋರ್ಷಿಯಾ ಆಡುವ ಮಾತು. ಪ್ರಥಮ ಭಾಷೆ ಕನ್ನಡದ ಪುಸ್ತಕದಲ್ಲಿ ‘ಛಲಮನೆ ಮೆರೆವೆಂ’ ಎಂಬ ಪಾಠವಿದೆ. ಅದು ರನ್ನನ ‘ಗದಾಯುದ್ಧ’ದಿಂದ ಆಯ್ದ ಭಾಗ, ಶರಶಯ್ಯೆಯ ಮೇಲಿರುವ ಭೀಷ್ಮನಿಗೂ ದುರ್ಯೋಧನನಿಗೂ ನಡೆಯುವ ಸಂವಾದ. ಒಂದೇ ಮಗು ಒಂದೇ ವರ್ಷ ಎರಡನ್ನೂ ಓದುತ್ತದೆ. ಎರಡೂ ಪಾಠಗಳ ಕೊನೆಗೆ ಅಲಂಕಾರವನ್ನು ಹೆಸರಿಸುವ ಅಭ್ಯಾಸವಿರುತ್ತದೆ. ಆದರೆ ಈ ಎರಡು ಪಾಠಗಳಿಗೆ ನಂಟಿದೆಯೆಂದು ಯಾವ ತರಗತಿಯಲ್ಲೂ ಯಾರೂ ಹೇಳಿದಂತಿಲ್ಲ.

ಈ ವಿಚಾರ ನನ್ನ ಗಮನಕ್ಕೆ ಬಂದದ್ದು ಗ್ರಂಥಾಲಯದಲ್ಲಲ್ಲ, ಅಮೃತಹಳ್ಳಿಯ ನಮ್ಮ ಬೀದಿಯಲ್ಲಿ. ನೆರೆಮನೆಯ ಬಾಲಕಿಯೊಬ್ಬಳು ಪರೀಕ್ಷೆಗೆ ಮೊದಲು ಸಂಜೆಯ ಹೊತ್ತು ಪುಸ್ತಕ ಹಿಡಿದು ಬರುತ್ತಿದ್ದಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಉತ್ತರ ಬೆಂಗಳೂರಿನ ಈ ಊರುಗಳಲ್ಲಿ ಇದು ಸಾಮಾನ್ಯ. ಪೋರ್ಷಿಯಾಳ ಮಾತಿನಲ್ಲಿ ಕರುಣೆಯನ್ನು ಮಳೆಗೆ ಹೋಲಿಸಿದ ಸಾಲನ್ನು ತೋರಿಸಿ, “ಇದು ಸಿಮಿಲಿ. ಒಂದು ಮಾರ್ಕು. ಇಷ್ಟು ಬರೆದ್ರೆ ಸಾಕಲ್ವಾ ತಾತ?” ಎಂದಳು. ಸಾಕು ಎಂದೆ. ಅನಂತರ, “ಇಷ್ಟೆಲ್ಲ ಹೇಳಿದಳಲ್ಲ, ಶೈಲಾಕ್ ಒಪ್ಪಿದನೇ?” ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ಒಪ್ಪಿರ್ತಾನೆ ತಾತ. ಅಷ್ಟು ಚೆನ್ನಾಗಿ ಹೇಳಿದಾಳಲ್ಲ” ಎಂದಳು.

ಶೈಲಾಕ್ ಒಪ್ಪುವುದಿಲ್ಲ. ಕರುಣೆ ತೋರಬೇಕೆಂದು ಪೋರ್ಷಿಯಾ ಹೇಳಿದಾಗ, ಯಾವ ನಿರ್ಬಂಧದಿಂದ ತೋರಬೇಕೆಂದು ಅವನು ಮರುಪ್ರಶ್ನೆ ಹಾಕುತ್ತಾನೆ. ಪಠ್ಯದಲ್ಲಿರುವ ಇಡೀ ಪದ್ಯ ಆ ಮರುಪ್ರಶ್ನೆಗೆ ಕೊಟ್ಟ ಉತ್ತರ. ಮಳೆಯ ಉಪಮೆಯೂ ಅಲಂಕಾರಕ್ಕೆಂದು ಬಂದದ್ದಲ್ಲ. ನಿರ್ಬಂಧವೆಂಬ ಅವನ ಪದವನ್ನೇ ಹಿಡಿದು, ಯಾರ ಅಪ್ಪಣೆಗೂ ಕಾಯದೆ ಬರುವ ವಸ್ತುವೊಂದನ್ನು ಅವಳು ಎದುರಿಗಿಡುತ್ತಾಳೆ. ಪ್ರಶ್ನೆಯನ್ನು ಕತ್ತರಿಸಿ ಉತ್ತರವನ್ನಷ್ಟೇ ಮಕ್ಕಳ ಕೈಗೆ ಕೊಟ್ಟರೆ ಉಪಮೆಗೆ ಹೆಸರು ಉಳಿಯುತ್ತದೆ, ಕೆಲಸ ಉಳಿಯುವುದಿಲ್ಲ. ಇಷ್ಟು ಸೊಗಸಾದ ಮಾತು ನ್ಯಾಯಸಭೆಯಲ್ಲಿ ಸೋತಿತೆಂಬ ಸಂಗತಿಯಂತೂ ಪದ್ಯದೊಳಗೆ ಎಲ್ಲಿಯೂ ಕಾಣಿಸುವುದಿಲ್ಲ.

ಕಾವ್ಯಕ್ಕೆ ಹೀಗೆ ಕತ್ತರಿ ಹಾಕುವ ಕೆಲಸ ಇಂದಿನ ಪಠ್ಯಪುಸ್ತಕ ಸಮಿತಿಗಳಿಂದ ಆರಂಭವಾದದ್ದಲ್ಲ. ಹದಿಮೂರನೆಯ ಶತಮಾನದಲ್ಲಿ ಜೈನಕವಿ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಪೂರ್ವಕವಿಗಳ ಪದ್ಯಗಳನ್ನು ವರ್ಣನಾವಿಷಯಗಳಿಗೆ ಅನುಗುಣವಾಗಿ ಆರಿಸಿ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದನು. ಸಮುದ್ರ ಬೇಕಾದವರಿಗೆ ಸಮುದ್ರ, ಚಂದ್ರೋದಯ ಬೇಕಾದವರಿಗೆ ಚಂದ್ರೋದಯ; ಕಥೆ ಎಲ್ಲಿ ಹೋಯಿತೆಂದು ಅಲ್ಲಿ ಕೇಳುವಂತಿಲ್ಲ. ಆದರೆ ಆ ಮನೆಯಲ್ಲಿಯೇ ಮತ್ತೊಂದು ಕೆಲಸವೂ ನಡೆಯಿತು. ಮಲ್ಲಿಕಾರ್ಜುನನ ಮಗ, ಜನ್ನನ ಸೋದರಳಿಯ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಬರೆದಾಗ ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನೇ ಉದಾಹರಣೆಯಾಗಿ ತಂದನು. ಕನ್ನಡದಲ್ಲಿ ಶಾಸ್ತ್ರವನ್ನು ಕಾವ್ಯದಿಂದ ಬೇರ್ಪಡಿಸದೆ ಕಲಿಸಿದವರ ಸಾಲು ದೊಡ್ಡದು: ‘ಕಾವ್ಯಾವಲೋಕನ’ದ ನಾಗವರ್ಮ, ಕೇಶಿರಾಜ, ‘ರಸರತ್ನಾಕರ’ದ ಸಾಳ್ವ, 1604ರಲ್ಲಿ ‘ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಲಂಕ. ಇವರೆಲ್ಲರೂ ಜೈನರು. ಸಾಲಿನ ಮೊದಲಿಗ ‘ಕವಿರಾಜಮಾರ್ಗ’ಕಾರ ಶ್ರೀವಿಜಯ.

ಸುಮಾರು ಕ್ರಿ.ಶ. 850ರಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ದಂಡಿಯ ‘ಕಾವ್ಯಾದರ್ಶ’ಕ್ಕೆ ಬಹಳಷ್ಟು ಋಣಿಯಾಗಿದೆ. ಅದನ್ನು ಅನುವಾದವೆಂದು ತಳ್ಳಿಹಾಕುವವರೂ ಇದ್ದಾರೆ, ಅಪ್ಪಟ ಸ್ವತಂತ್ರವೆಂದು ಎತ್ತಿಹಿಡಿಯುವವರೂ ಇದ್ದಾರೆ. ನನಗೆ ಅದು ಅಧ್ಯಾಪಕನೊಬ್ಬನ ಗ್ರಂಥದಂತೆ ತೋರುತ್ತದೆ. ಅನ್ಯಭಾಷೆಯಲ್ಲಿ ಬೆಳೆದ ಶಾಸ್ತ್ರವನ್ನು ತನ್ನ ಭಾಷೆಯ ಮಕ್ಕಳ ಮುಂದಿಡಬೇಕಾದವನ ಪೇಚಾಟ ಅಲ್ಲಿದೆ. ಮೂರು ಪರಿಚ್ಛೇದಗಳಲ್ಲಿ ಎರಡನೆಯದು ಶಬ್ದಾಲಂಕಾರಕ್ಕೆ, ಮೂರನೆಯದು ಅರ್ಥಾಲಂಕಾರಕ್ಕೆ ಮೀಸಲು. ಅವಕ್ಕೆ ಮೊದಲು ಬರುವುದು ದೋಷಾದೋಷಗಳ ವಿವೇಚನೆ. ಅಲಂಕಾರದ ಹೆಸರು ಕಲಿಯುವುದಕ್ಕಿಂತ ಮುಂಚೆ, ಮಾತು ಎಲ್ಲಿ ಕೆಡುತ್ತದೆ ಎಂಬುದನ್ನು ಕಿವಿ ಕಲಿಯಬೇಕೆಂಬ ಕ್ರಮವಿದು. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ವಿವೇಚನೆಯಿಲ್ಲದೆ ಸಮಾಸಮಾಡಿದರೆ ಆಗುವ ವಿರಸವನ್ನು ವಿವರಿಸಲು ಅವನು ಅಡುಗೆಮನೆಗೆ ಹೋಗುತ್ತಾನೆ: ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದ ಹಾಗೆ ಎನ್ನುತ್ತಾನೆ. ಇದೂ ಉಪಮೆಯೇ. ಆದರೆ ಹಾಲು ಒಡೆದದ್ದನ್ನು ಕಂಡ ಯಾವ ವಿದ್ಯಾರ್ಥಿಯೂ ‘ಇಲ್ಲಿರುವ ಅಲಂಕಾರ ಯಾವುದು’ ಎಂಬಲ್ಲಿಗೆ ನಿಲ್ಲಲಾರ.

ಶ್ರೀವಿಜಯನು ಕನ್ನಡನಾಡಿನ ಜನರನ್ನು ಕುರಿತು ಆಡಿದ ಮೆಚ್ಚುಗೆಯ ಮಾತನ್ನು ವೇದಿಕೆಗಳಲ್ಲಿ ನಾವು ಪದೇಪದೇ ಕೇಳುತ್ತೇವೆ. ಓದದವರೂ ಕಾವ್ಯಪ್ರಯೋಗದಲ್ಲಿ ನಿಪುಣರು ಎಂಬ ಭಾಗ ಎಲ್ಲರಿಗೂ ಬಾಯಿಪಾಠ. ಅದಕ್ಕೆ ಸ್ವಲ್ಪ ಮುನ್ನ ಅವನು ಎರಡು ಶಕ್ತಿಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಾನೆ: ಹದವರಿತು ಆಡುವುದು ಒಂದು, ಇನ್ನೊಬ್ಬರು ಆಡಿದ್ದನ್ನು ಅರಿತು ವಿವೇಚಿಸುವುದು ಇನ್ನೊಂದು. ಈ ಎರಡನೆಯದು ಶಾಲೆಯಲ್ಲಿ ಕಳೆದುಹೋಗಿದೆ. ಅಮೃತಹಳ್ಳಿಗೆ ಸಮೀಪದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅಂದರೆ ಕವಿರಾಜಮಾರ್ಗಕ್ಕಿಂತ ಒಂದು ನೂರು ವರ್ಷ ಹಿಂದೆಯೇ ಈ ಸೀಮೆಯಲ್ಲಿ ಕನ್ನಡದ ಮಾತನ್ನು ಕಲ್ಲಿನಲ್ಲಿ ಕಂಡರಿಸುವವರಿದ್ದರು. ನಮ್ಮ ಮಕ್ಕಳಿಗೆ ಶಾಸ್ತ್ರೀಯ ಸಾಹಿತ್ಯ ದೂರದ ವಸ್ತುವೆಂದು ಮರುಗುವವರು ಇದನ್ನೊಮ್ಮೆ ನೆನೆಯಬಹುದು.

ಇಂಗ್ಲಿಷ್ ತರಗತಿಗೂ ಹಳಗನ್ನಡಕ್ಕೂ ಇದ್ದ ನಂಟಿನ ಚರಿತ್ರೆ ಬೆಂಗಳೂರಿನಲ್ಲಿಯೇ ಇದೆ, ಅದೂ ಒಂದು ಹೈಸ್ಕೂಲಿನಲ್ಲಿ. 1858ರಲ್ಲಿ ಆರಂಭವಾದ ಸರ್ಕಾರಿ ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. 1860ರಲ್ಲಿ ಆ ಹೈಸ್ಕೂಲಿನ ಮುಖ್ಯಸ್ಥನಾಗಿ ಬಂದವನು ಬಿ.ಎಲ್. ರೈಸ್. ಬೆಂಗಳೂರಿನಲ್ಲೇ ಹುಟ್ಟಿದ, ಕನ್ನಡ ಬಲ್ಲ ಈ ಅಧ್ಯಾಪಕನು ಕೆಲವೇ ವರ್ಷಗಳಲ್ಲಿ ಶಾಲೆಗಳ ಇನ್‌ಸ್ಪೆಕ್ಟರ್ ಆಗಿ ಮೈಸೂರು ಸೀಮೆಯನ್ನು ಸುತ್ತಿದನು. ಮುಂದೆ ಶಾಸನಗಳ ಕಡೆಗೆ ತಿರುಗಿದನು. ಅವನು ಆರಂಭಿಸಿದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ 1898ರಲ್ಲಿ ಎರಡು ಗ್ರಂಥಗಳು ಅಚ್ಚಾದವು. ಒಂದು ರೈಸನೇ ಸಂಪಾದಿಸಿದ ‘ಪಂಪಭಾರತ’, ಇನ್ನೊಂದು ಕೆ.ಬಿ. ಪಾಠಕರು ಸಂಪಾದಿಸಿದ ‘ಕವಿರಾಜಮಾರ್ಗ’. ಲಕ್ಷ್ಯವೂ ಲಕ್ಷಣವೂ ಒಂದೇ ವರ್ಷದಲ್ಲಿ ಒಂದೇ ಮಾಲೆಯಲ್ಲಿ ಬಂದದ್ದು ಆಕಸ್ಮಿಕವಿರಬಹುದು. ಅವೆರಡನ್ನು ಜೊತೆಗಿಟ್ಟು ಓದುವ ಅವಕಾಶ ಒದಗಿದ್ದು ಮಾತ್ರ ಮುಂದಿನ ತಲೆಮಾರಿಗೆ.

ಆ ತಲೆಮಾರಿನ ಮುಖ್ಯ ವ್ಯಕ್ತಿ ಬಿ.ಎಂ. ಶ್ರೀಕಂಠಯ್ಯನವರು. 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದ ಅವರು 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ಮಾಡಿದರು. ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಇಂಗ್ಲಿಷ್ ಬೋಧಿಸಿದರು. ಶ್ರೀಯವರನ್ನು ‘ಇಂಗ್ಲಿಷ್ ಗೀತಗಳು’ ಒಂದರಿಂದಲೇ ಅಳೆಯುವ ವಾಡಿಕೆ ನಮ್ಮಲ್ಲಿದೆ. ಪ್ರಸ್ತುತ ವಿಷಯಕ್ಕೆ ಅದಕ್ಕಿಂತ ಮುಖ್ಯವಾದುದು ‘ಗದಾಯುದ್ಧ ನಾಟಕಂ’. ಗ್ರೀಕ್ ರುದ್ರನಾಟಕಗಳನ್ನು ಅಭ್ಯಾಸಮಾಡಿದ ಇಂಗ್ಲಿಷ್ ಅಧ್ಯಾಪಕರು ರನ್ನನ ಚಂಪುವನ್ನು ಕೈಗೆತ್ತಿಕೊಂಡು, ಬಹುಮಟ್ಟಿಗೆ ರನ್ನನ ಪದ್ಯಗಳನ್ನೇ ಉಳಿಸಿಕೊಂಡು, ಅದರೊಳಗೊಂದು ನಾಟಕವಿದೆಯೆಂದು ತೋರಿಸಿದರು. ಮುಂದೆ ‘ಅಶ್ವತ್ಥಾಮನ್’, ‘ಪಾರಸಿಕರು’ ಬಂದವು.

ಗ್ರೀಕ್ ಅಳತೆಗೋಲು ರನ್ನನಿಗೆ ಎಲ್ಲೆಡೆಯೂ ಒಪ್ಪುತ್ತದೆಂದು ನಾನು ಹೇಳಲಾರೆ. ಕೃತಿಯ ಇನ್ನೊಂದು ಹೆಸರೇ ‘ಸಾಹಸಭೀಮವಿಜಯ’. ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ರನ್ನ ಬರೆದನು, ನಾಯಕಪಟ್ಟ ಭೀಮನಿಗೇ. ದುರ್ಯೋಧನನ ಛಲವನ್ನು ಮೆಚ್ಚುವ ಮನಸ್ಸು ಕೂಡ ಹೊರಗಿನಿಂದ ಬರಬೇಕಾಗಿರಲಿಲ್ಲ. ಛಲಕ್ಕೆ ದುರ್ಯೋಧನನೇ ಮಾದರಿಯೆಂದು ಪಂಪನೇ ಎಣಿಸಿದ್ದನು. ಆದರೂ ಶ್ರೀಯವರು ಮಾಡಿದ ಉಪಕಾರ ದೊಡ್ಡದು. ಅವರು ಪದ್ಯಗಳನ್ನು ಮಾತುಗಳಾಗಿ ಕೇಳಿಸಿಕೊಂಡರು. ಯಾರು, ಯಾರಿಗೆ, ಯಾವ ಸ್ಥಿತಿಯಲ್ಲಿ, ಏನನ್ನು ಪಡೆಯಲು ಈ ಮಾತನ್ನು ಆಡುತ್ತಿದ್ದಾರೆ ಎಂಬ ಪ್ರಶ್ನೆ ಇಂಗ್ಲಿಷ್ ನಾಟಕದ ತರಗತಿಯಿಂದ ಹಳಗನ್ನಡಕ್ಕೆ ದಾಟಿತು. ಅವರ ಶಿಷ್ಯರಾದ ತೀ.ನಂ. ಶ್ರೀಕಂಠಯ್ಯನವರು ಇನ್ನೊಂದು ದಿಕ್ಕಿನಿಂದ ಅದೇ ಸೇತುವೆಗೆ ಬಂದರು. 1953ರಲ್ಲಿ ಪ್ರಕಟವಾದ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಅಲಂಕಾರಗಳು ಪಟ್ಟಿಯಾಗಿ ನಿಲ್ಲದೆ, ರಸ ಧ್ವನಿ ಔಚಿತ್ಯಗಳ ನಡುವೆ ತಮ್ಮ ಸ್ಥಾನದಲ್ಲಿ ಕುಳಿತಿವೆ. ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲ ಓದುವ ಪುಸ್ತಕವದು. ಅದರ ಒಂದು ಹನಿಯಾದರೂ ಪ್ರೌಢಶಾಲೆಯ ವರೆಗೆ ಇಳಿದಿದೆಯೇ ಎಂಬುದು ಬೇರೆ ಪ್ರಶ್ನೆ.

ಹೀಗೆ ಕಿವಿ ಹದಮಾಡಿಕೊಂಡು ಈಗ ರನ್ನನ ಪಾಠಕ್ಕೆ ಹೋಗಬಹುದು. ತಮ್ಮಂದಿರನ್ನು, ಮಗನನ್ನು, ಕರ್ಣನನ್ನು ಕಳೆದುಕೊಂಡ ದುರ್ಯೋಧನನು ಹೆಣಗಳ ನಡುವೆ ನಡೆದು ಭೀಷ್ಮನಲ್ಲಿಗೆ ಬರುತ್ತಾನೆ. ಭೀಷ್ಮನು ಸಂಧಿಯ ಮಾತನ್ನೆತ್ತುತ್ತಾನೆ. ಪೋರ್ಷಿಯಾಳಿಗಿಂತ ಅವನ ಅಧಿಕಾರ ಹೆಚ್ಚಿನದು: ಅಜ್ಜ, ಸೇನಾಪತಿಯಾಗಿದ್ದವನು, ಕೇಳುವವನ ಸಲುವಾಗಿಯೇ ಬಾಣಗಳ ಮೇಲೆ ಮಲಗಿದವನು. ಅವನ ಮಾತೂ ಸೋಲುತ್ತದೆ. ತಾನು ಬಂದದ್ದು ನಮಸ್ಕರಿಸಿ ಹೋಗಲಿಕ್ಕೆ ಹೊರತು ಸಂಧಿಗಲ್ಲ, ಹೋರಾಟವಿರುವುದು ಭೂಮಿಗಾಗಿ ಅಲ್ಲ, ಕರ್ಣನನ್ನು ಕೊಲ್ಲಿಸಿದ ನೆಲದೊಡನೆ ತನಗೆ ಬಾಳಿಲ್ಲ ಎಂದು ದುರ್ಯೋಧನ ನಿರಾಕರಿಸುತ್ತಾನೆ. ಶೈಲಾಕ್ ಕರಾರುಪತ್ರವನ್ನು ಹಿಡಿದು ನಿಂತಂತೆ ಇವನು ಛಲವನ್ನು ಹಿಡಿದು ನಿಲ್ಲುತ್ತಾನೆ. ಇಬ್ಬರೂ ಗಾಯಗೊಂಡವರು. ಸಮಾಧಾನದ ಮಾತು ತಮ್ಮ ಗಾಯವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂಬ ಭಾವ ಇಬ್ಬರಲ್ಲೂ ಇದೆ. ಕರುಣೆಯ ಪಾಠ ಹೇಳುತ್ತಿರುವ ಸಭೆ ತನ್ನ ಮೇಲೆ ಉಗುಳಿದವರ ಸಭೆಯೆಂಬುದನ್ನು ಶೈಲಾಕ್ ಮರೆತಿಲ್ಲ.

ಮಾತು ಸೋತ ಮೇಲೆ ಮಾತಾಡಿದವರು ಏನು ಮಾಡುತ್ತಾರೆ? ಇಲ್ಲಿಗೆ ಎರಡು ದಾರಿಗಳೂ ಕವಲೊಡೆಯುತ್ತವೆ. ಪೋರ್ಷಿಯಾ ಕರುಣೆಯನ್ನು ಬದಿಗಿಟ್ಟು ಕಾನೂನನ್ನು ಕೈಗೆತ್ತಿಕೊಳ್ಳುತ್ತಾಳೆ. ಮಾಂಸ ನಿನ್ನದು, ರಕ್ತದ ತೊಟ್ಟಿನ ಮಾತು ಪತ್ರದಲ್ಲಿಲ್ಲ ಎಂಬ ಪಟ್ಟಿನಿಂದ ಶೈಲಾಕ್ ಆಸ್ತಿಯನ್ನೂ ಮತವನ್ನೂ ಕಳೆದುಕೊಂಡು ಸಭೆಯಿಂದ ಹೊರಬೀಳುತ್ತಾನೆ. ಭೀಷ್ಮನೂ ಉಪಾಯ ಬದಲಿಸುತ್ತಾನೆ, ಆದರೆ ಒಪ್ಪದವನನ್ನು ಉಳಿಸಿಕೊಳ್ಳಲು: ಬಲರಾಮ, ಅಶ್ವತ್ಥಾಮ ಮುಂತಾದವರು ಬಂದು ಕೂಡುವ ವರೆಗೆ ವೈಶಂಪಾಯನ ಸರೋವರದಲ್ಲಿ ಅಡಗಿರು ಎನ್ನುತ್ತಾನೆ. ಸಂಧಿಗೆ ಒಪ್ಪದ ದುರ್ಯೋಧನ ಇದಕ್ಕೆ ಒಪ್ಪುತ್ತಾನೆ.

ಅನಂತರದ ಸನ್ನಿವೇಶ ಪಠ್ಯದಾಚೆಯದು. ಅದನ್ನು ಆ ಬಾಲಕಿಗೆ ನಾನು ಕಥೆಯಾಗಿ ಹೇಳಿದೆ. ಭೀಮ ಕೊಳದ ದಡಕ್ಕೆ ಬಂದು ಗರ್ಜಿಸುತ್ತಾನೆ, ಹಂಗಿಸುತ್ತಾನೆ. ಆ ಮಾತು ಕಿವಿಗೆ ಬಿದ್ದಾಗ ನೀರಿನ ಒಳಗಿದ್ದರೂ ದುರ್ಯೋಧನನ ಮೈ ಬೆವರಿತೆಂದು ರನ್ನ ಹೇಳುತ್ತಾನೆ. ಕನ್ನಡ ಅಧ್ಯಾಪಕರು ವಿರೋಧವೆಂದು ಹೆಸರಿಸುವ ಅಲಂಕಾರಕ್ಕೆ ಇದಕ್ಕಿಂತ ಪ್ರಸಿದ್ಧವಾದ ಉದಾಹರಣೆ ಸಿಗುವುದು ಕಷ್ಟ. ಆ ಬೆವರು ಭೀಮನ ಮಾತು ತಟ್ಟಿತೆಂಬುದಕ್ಕೆ ಸಾಕ್ಷಿ. ದುರ್ಯೋಧನ ನೀರಿನಿಂದ ಎದ್ದು ಬರುತ್ತಾನೆ.

ಅವಳು ಪುಸ್ತಕ ಮುಚ್ಚಲಿಲ್ಲ. “ಹಂಗಾದ್ರೆ ತಾತ, ಅಜ್ಜ ಪ್ರೀತಿಯಿಂದ ಹೇಳಿದ್ದು ನಾಟಲಿಲ್ಲ, ಭೀಮ ಬೈದಿದ್ದು ನಾಟ್ತು. ಭೀಮ ಅಷ್ಟು ಅಲಂಕಾರ ಏನು ಬಳಸ್ದ?” ಎಂದಳು. ಆ ಪ್ರಶ್ನೆಗೆ ಉತ್ತರ ಹೇಳಲು ಎದ್ದು ಗದಾಯುದ್ಧದ ಪ್ರತಿಯನ್ನು ಕಪಾಟಿನಿಂದ ತಂದೆ. ಮರುದಿನ ಅವಳಿಗೆ ಗಣಿತದ ಪರೀಕ್ಷೆಯಿತ್ತು. ಅವರಮ್ಮ ಬಂದು ಕರೆಯುವ ಹೊತ್ತಿಗೆ ನಾವು ಆರು ಪದ್ಯ ಓದಿದ್ದೆವು.