ಎಲೆ ಮುಟುರು ವೈರಸ್‌ನ ಕಿರು ಆರ್‌ಎನ್‌ಎಗಳು

ಸೋಂಕಿದ ಗಿಡದ ಜೀವಕೋಶದಲ್ಲಿ ವೈರಸ್‌ನ ಜೀನ್‌ಗಳಿಂದ ಹುಟ್ಟುವ, 21ರಿಂದ 24 ನ್ಯೂಕ್ಲಿಯೋಟೈಡ್ ಉದ್ದದ ಆರ್‌ಎನ್‌ಎ ತುಣುಕುಗಳು. ಇಂಥ ತುಣುಕುಗಳನ್ನು ಗಿಡಗಳಲ್ಲಿ 1999ರಲ್ಲಿ ಮೊದಲು ತೋರಿಸಿದವರು ವಿಜ್ಞಾನಿಗಳಾದ ಹ್ಯಾಮಿಲ್ಟನ್ ಮತ್ತು ಬಾಲ್‌ಕೋಂಬ್.

ಕರ್ನಾಟಕದವರಿಗೆ ಪರಿಚಿತ ಉದಾಹರಣೆ ಟೊಮೆಟೊ ಎಲೆ ಮುಟುರು ರೋಗ. ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಂಥ ಅಡಿಕೆ ಸೀಮೆಯ ಹಿತ್ತಲಿನಲ್ಲೂ ಇದನ್ನು ಗುರುತಿಸುವುದು ಸುಲಭ: ಚಿಗುರೆಲೆ ಬಟ್ಟಲಿನಂತೆ ಮೇಲಕ್ಕೆ ಮಡಚಿ, ಅಂಚು ಹಳದಿಯಾಗಿ, ಗಿಡ ಕುಳ್ಳಾಗುತ್ತದೆ. ಹರಡುವುದು ಬಿಳಿ ನೊಣ. ರೋಗಕಾರಕ ವೈರಸ್‌ಗಳಲ್ಲೊಂದಕ್ಕೆ ಬೆಂಗಳೂರಿನ ಹೆಸರೇ ಅಂಟಿಕೊಂಡಿದೆ. ಊರಿಗೆ ಹೆಮ್ಮೆ ತರುವ ಹೆಸರೇನಲ್ಲ.

ವೈರಸ್‌ನ ಬಂಡವಾಳ ಸುಮಾರು 2,700 ನ್ಯೂಕ್ಲಿಯೋಟೈಡ್‌ಗಳ, ಒಂಟಿ ಎಳೆಯ ಡಿಎನ್‌ಎ ಉಂಗುರ. ಕೋಶಕೇಂದ್ರ ಸೇರಿದ ಮೇಲೆ ಅದು ಜೋಡಿ ಎಳೆಯಾಗುತ್ತದೆ. ಜೀನ್‌ಗಳ ಆರ್‌ಎನ್‌ಎ ನಕಲೆತ್ತುವ ಕಿಣ್ವ ಅದರ ಬಳಿಯಿಲ್ಲ. ಗಿಡದ ಆರ್‌ಎನ್‌ಎ ಪಾಲಿಮರೇಸ್-2 ಅನ್ನೇ ದುಡಿಸಿಕೊಳ್ಳುತ್ತದೆ. ಉಂಗುರದ ಒಂದೇ ಜಾಗದಿಂದ ಎರಡೂ ದಿಕ್ಕಿಗೆ ನಕಲು ಹೊರಡುತ್ತದೆ. ಎದುರು ಬದಿಯಲ್ಲಿ ತುದಿಗಳು ಒಂದರ ಮೇಲೊಂದು ಬಿದ್ದು ಹೆಣೆದುಕೊಂಡರೆ ಜೋಡಿ ಎಳೆಯ ಆರ್‌ಎನ್‌ಎ ಸಿದ್ಧ. ಗಿಡದ ಡೈಸರ್ ಕಿಣ್ವಗಳು ಅದನ್ನು ಕತ್ತರಿಸುತ್ತವೆ. 21–22 ನ್ಯೂಕ್ಲಿಯೋಟೈಡ್ ಉದ್ದದ ತುಣುಕುಗಳು ಆರ್ಗೊನಾಟ್ ಪ್ರೋಟೀನ್ ಸೇರಿ ವೈರಸ್‌ನ ಸಂದೇಶವಾಹಕ ಆರ್‌ಎನ್‌ಎಗಳನ್ನು ತುಂಡರಿಸುತ್ತವೆ. 24ರವು ವೈರಸ್‌ನ ಡಿಎನ್‌ಎ ಮೇಲೆಯೇ ಮೀಥೈಲ್ ಗುರುತು ಹಾಕಿಸಿ ನಕಲು ತಡೆಯುತ್ತವೆ.

ವೈರಸ್ಸೂ ಸುಮ್ಮನಿರುವುದಿಲ್ಲ. ಅದರ ಸಿ2, ಸಿ4 ಮೊದಲಾದ ಪ್ರೋಟೀನ್‌ಗಳು ಈ ರಕ್ಷಣೆಯನ್ನು ಕುಂದಿಸುತ್ತವೆ.

ಕಾಡು ಟೊಮೆಟೊ ಸೊಲಾನಂ ಚಿಲೆನ್ಸೆಯ ಟಿವೈ-1 ಜೀನ್ ಕಿರು ಆರ್‌ಎನ್‌ಎಗಳ ಉತ್ಪಾದನೆ ಹೆಚ್ಚಿಸಿ ನಿರೋಧ ಕೊಡುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ರೋಗ ತಡೆಯುವ ಹೈಬ್ರಿಡ್. ಮುಟುರಿದ ಗಿಡಕ್ಕೆ ಔಷಧಿಯಿಲ್ಲ, ಕಿತ್ತು ಹಾಕುವುದೇ ಸರಿ.