ಸನ್ನತಿಯ ಸೀಮೆಯಲ್ಲಿ ಇಂಗ್ಲಿಷ್ ವಾಚನವೂ ಪರೀಕ್ಷೆಯೂ

ಭೀಮಾತೀರದ ಸನ್ನತಿಯಲ್ಲಿ 1986ರಲ್ಲಿ ಬೆಳಕಿಗೆ ಬಂದ ಅಶೋಕನ ಶಿಲಾಶಾಸನವು ಭಗ್ನವಾದುದು. ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಆ ಶಿಲೆಯಲ್ಲಿ ಅನೇಕ ಅಕ್ಷರಗಳು ನಷ್ಟವಾಗಿದ್ದುವು. ಆದರೂ ವಿದ್ವಾಂಸರು ಅದರ ಪ್ರತ್ಯೇಕ ಶಾಸನಗಳನ್ನು ಓದಬಲ್ಲವರಾದರು. ಏಕೆಂದರೆ ಕಳಿಂಗದ ಧೌಲಿ, ಜೌಗಡಗಳ ಪಾಠಗಳು ಅವರಿಗೆ ಮೊದಲೇ ಪರಿಚಿತವಾಗಿದ್ದುವು. ಬಲ್ಲುದರ ನೆರವಿನಿಂದ ಅರಿಯದುದನ್ನು ಊಹಿಸುವ ಈ ಉಪಾಯವು ಇಂಗ್ಲಿಷ್ ಪರೀಕ್ಷೆಯ ಅಪಠಿತ ಗದ್ಯಭಾಗದ ಮುಂದೆ ಕುಳಿತ ಇದೇ ಸೀಮೆಯ ವಿದ್ಯಾರ್ಥಿಗೆ ಎಷ್ಟರಮಟ್ಟಿಗೆ ಲಭ್ಯವಾಗಿದ್ದಿತು?

ಚಿತ್ತಾಪುರ, ಸೇಡಂ, ಶಹಾಬಾದ್‌ಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದುವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಉರ್ದು ಬೋಧನಮಾಧ್ಯಮವಾಗಿಯೂ ಇಂಗ್ಲಿಷ್ ಕಡ್ಡಾಯ ವಿಷಯವಾಗಿಯೂ ಇದ್ದಿತು. ಕನ್ನಡ ಮನೆಯ ಹುಡುಗನಿಗೆ ಇಂಗ್ಲಿಷ್ ಎರಡು ಹೊಸ್ತಿಲುಗಳ ಆಚೆಗಿನ ಭಾಷೆ. ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದು. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುವುದು. ಕನ್ನಡವು ‘ನಿನ್ನೆ ಬಂದ ಮನುಷ್ಯ’ ಎಂದರೆ ಇಂಗ್ಲಿಷ್ ಮನುಷ್ಯನನ್ನು ಮೊದಲು ಹೇಳಿ, ಬಂದುದನ್ನು ಅನಂತರ ಹೇಳುತ್ತದೆ. ಪದಕ್ಕೆ ಪದವಿಟ್ಟು ಅರ್ಥೈಸುವವನು ಸಾಲಿನ ತುದಿಯವರೆಗೆ ಹೋಗಿ ಮತ್ತೆ ಹಿಂದಿರುಗಬೇಕು. ಭಾಷಾಂತರದ ಪ್ರಶ್ನೆಗೆ ಈ ಕ್ರಮವು ಸಾಕಾಗುತ್ತಿದ್ದಿತು. ಗಡಿಯಾರವನ್ನು ಮುಂದಿಟ್ಟುಕೊಂಡ ಪರೀಕ್ಷೆಗೆ ಸಾಲದು.

1956ರಲ್ಲಿ ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯು ಹುಟ್ಟಿತು. ಅಮೆರಿಕದ ‘ಟೋಫೆಲ್’ ಪರೀಕ್ಷೆಯು 1964ರಲ್ಲಿ ಆರಂಭವಾಯಿತು. ಅದರ ಅಂತರ್ಜಾಲ ರೂಪದ ವಾಚನವಿಭಾಗವನ್ನು ಕುರಿತು ಕೋಹೆನ್ ಮತ್ತು ಅಪ್ಟನ್ ಎಂಬ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಅಧ್ಯಯನವು ನಮ್ಮ ವಿಷಯಕ್ಕೆ ಅತ್ಯಂತ ನಿಕಟವಾದುದು. ಅವರು 32 ವಿದ್ಯಾರ್ಥಿಗಳಿಂದ ಉತ್ತರಿಸುವಾಗಲೇ ತಮ್ಮ ಆಲೋಚನೆಯನ್ನು ಬಾಯ್ದೆರೆದು ಹೇಳಿಸಿದರು. ವಿದ್ಯಾರ್ಥಿಗಳ ಮುಖ್ಯ ಗುರಿಯು ಸರಿಯುತ್ತರವೇ ಹೊರತು ಗದ್ಯದಿಂದ ಏನನ್ನಾದರೂ ಕಲಿಯುವುದಾಗಿರಲಿಲ್ಲ. ಆದರೂ ಗದ್ಯದ ಒಟ್ಟರ್ಥವನ್ನು ಗ್ರಹಿಸದೆ ಕೇವಲ ವಿಕಲ್ಪಗಳನ್ನು ತಳ್ಳಿಹಾಕುವ ಜಾಣ್ಮೆಯಿಂದ ಕಾರ್ಯಸಿದ್ಧಿಯಾಗುವಂತಿರಲಿಲ್ಲ.

ವಾಚನದ ಉಪಾಯ ಬೇರೆ, ಪರೀಕ್ಷೆಯ ಉಪಾಯ ಬೇರೆ. ಅಂಕಪಟ್ಟಿಯು ಇವೆರಡನ್ನೂ ಒಂದೇ ಸಂಖ್ಯೆಯಲ್ಲಿ ಅಡಗಿಸುತ್ತದೆ. ಹಿಂದಿರುಗಿ ಹಿಂದಿರುಗಿ ಓದುವ ವಾಡಿಯ ವಿದ್ಯಾರ್ಥಿಯನ್ನು ನಾವು ಮಂದಮತಿಯೆಂದು ಬಗೆದುದೇ ಹೆಚ್ಚು (ಉಪನ್ಯಾಸಕರ ಕೊಠಡಿಯಲ್ಲಿ ಈ ಮಾತು ಎಷ್ಟು ಸುಲಭವಾಗಿ ಹೊರಡುತ್ತದೆ!). ಅವನ ಓದು ಯಾವ ಪದದಲ್ಲಿ ಮುಗ್ಗರಿಸಿತು, ಯಾವುದರಿಂದ ಚೇತರಿಸಿಕೊಂಡಿತು ಎಂಬುದನ್ನು ತಿಳಿಯಬೇಕಾದರೆ ಅವನ ಬಾಯಿಂದಲೇ ಕೇಳಬೇಕು. ಅದನ್ನು ಇಂಗ್ಲಿಷಿನಲ್ಲಿ ಹೇಳೆಂದು ನಿರ್ಬಂಧಿಸದೆ ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ, ಸೇಡಂ ಕಡೆಯವನಾದರೆ ತೆಲುಗಿನಲ್ಲಿಯೋ ಹೇಳಗೊಡಬೇಕು.